ಇದೊಂದು ತಿರುವು, ಆಮೇಲೆ ಸಮ

ಡಾಕ್ಟರ್ ಜಿಲ್ಡೊ ತೆಸ್ಸಾರೊಲೊ ಅವರು ಬೆಟ್ಟ ಹತ್ತುತ್ತ ಮಾತಾಡುತ್ತಾರೆ. ಇದು ಎಂಥ ಅತಿಶಯವೆಂಬುದು ಗ್ರಾಪ್ಪ ಪರ್ವತದ ತಪ್ಪಲಿನ ದಾರಿಗಳನ್ನು ಸೈಕಲ್ಲಿನ ಮೇಲೆ ಕೂತು ಏರಿದವರಿಗೆ ಮಾತ್ರ ಅರ್ಥವಾದೀತು. ನಾವು ಉಳಿದವರು ಮೊದಲ ತಿರುವಿಗೇ ಮೌನವ್ರತ ಹಿಡಿದು, ಎರಡನೆಯದಕ್ಕೆ ಬಾಯಿ ತೆರೆದು ಉಸಿರಾಡತೊಡಗಿ, ಮೂರನೆಯದಕ್ಕೆ ಹೆತ್ತ ತಾಯಿಯನ್ನು ನೆನೆಯುವ ಹೊತ್ತಿಗೆ, ಎಪ್ಪತ್ತು ದಾಟಿದ ಈ ಮನುಷ್ಯ ಹ್ಯಾಂಡಲ್ಲಿನ ನಡುವೆ ಎರಡು ಕೈಗಳನ್ನೂ ಹಗುರವಾಗಿ ಊರಿಕೊಂಡು, ಊಟ ಮುಗಿಸಿ ಕಟ್ಟೆಯ ಮೇಲೆ ಕೂತವರ ನಿರಾಳದಲ್ಲಿ, ಈ ಸಲ ಚೆರ್ರಿ ಹಣ್ಣಿಗೆ ಹುಳ ಬಿದ್ದದ್ದನ್ನು, ಮೆಕ್ಕೆಜೋಳದ ಹಿಟ್ಟಿನ ಪೊಲೆಂತ ಗಂಟಾಗದಂತೆ ತಿರುವುವ ಬಗೆಯನ್ನು, ನಮ್ಮ ಮೇಯರರ ಕೋರೆಹಲ್ಲಿನ ಹಠಮಾರಿತನವನ್ನು ಒಂದರ ಬಾಲಕ್ಕೆ ಒಂದನ್ನು ಕಟ್ಟಿ ಹೇಳುತ್ತ ಹೋಗುತ್ತಾರೆ. ಉತ್ತರ ಕೊಡುವ ತ್ರಾಣ ಯಾರಿಗೂ ಇರುವುದಿಲ್ಲ. ಅವರಿಗೆ ಉತ್ತರ ಬೇಕಾಗಿಯೂ ಇಲ್ಲ. ವೃತ್ತಿಯಿಂದ ಅವರು ದಂತವೈದ್ಯರು, ಬಾಯಿ ತೆರೆದು ಕೂತು ಮಾತಾಡಲಾರದವರ ಎದುರು ಮಾತಾಡಿಯೇ ಆಯುಷ್ಯ ಕಳೆದವರು.

ಈ ಮಾತಿನ ಹೊಳೆ ಒಂದು ಕಡೆಗೆ ಬಂದು ತಪ್ಪದೆ ನಿಲ್ಲುತ್ತಿತ್ತು. ಯಾರದೋ ಉಸಿರು ಹರಿದು ಬರುವುದು ಕಿವಿಗೆ ಬಿದ್ದರೆ, ಯಾರದೋ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಓಲಾಡುವುದು ಕಣ್ಣಿಗೆ ಬಿದ್ದರೆ, ಡಾಕ್ಟರು ನಿಧಾನಿಸಿ ಆ ಬಡಪಾಯಿಯ ಪಕ್ಕಕ್ಕೆ ಬಂದು, ಗುಟ್ಟು ಹೇಳುವವರಂತೆ ದನಿ ತಗ್ಗಿಸಿ, "ದೋಪೊ ಸ್ಪಿಯಾನ" ಎನ್ನುತ್ತಿದ್ದರು. ಇದೊಂದು ತಿರುವು, ಆಮೇಲೆ ಸಮ. ನಮ್ಮ ಕಡೆ ಸೈಕಲ್ ತುಳಿಯುವವರೆಲ್ಲ ಒಂದಲ್ಲ ಒಂದು ದಿನ ಹೇಳಿರುವ ಸುಳ್ಳು ಇದು. ಹೇಳದವನೂ ಇಲ್ಲ, ನಂಬಿದವನೂ ಇಲ್ಲ. ಉಳಿದವರು ಹೇಳಿದರೆ ಅದು ಬರೀ ತಮಾಷೆ. ಡಾಕ್ಟರು ಹೇಳಿದಾಗ ಮಾತ್ರ, ಆ ತಿರುವಿನಾಚೆ ದಾರಿ ಗೋಡೆಯಂತೆ ಎದ್ದು ನಿಂತಿದೆಯೆಂದು ಚೆನ್ನಾಗಿ ತಿಳಿದಿದ್ದರೂ, ಯಾಕೋ ಕಾಲು ಇನ್ನೊಂದು ಸುತ್ತು ತಿರುಗುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ; ಡಾಕ್ಟರ್ ಜಿಲ್ಡೊ ಕಾಲಡಿಯ ಬೆಟ್ಟವನ್ನೂ ನುಣ್ಣಗೆ ಮಾಡಿ ತೋರಿಸುತ್ತಿದ್ದರು.

ನಮ್ಮ ಗುಂಪಿನಲ್ಲಿ ಇವಾನೊ ಎಂಬ ಸರ್ವೆಯರ್ ಇದ್ದಾನೆ. ವಾರವಿಡೀ ಬೇರೆಯವರ ಜಮೀನಿನ ಗಡಿ ಅಳೆದು ಸಾಲದೆಂಬಂತೆ ಭಾನುವಾರ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಯಂತ್ರ ಸಿಕ್ಕಿಸಿಕೊಂಡು ಬರುತ್ತಾನೆ. ಅದು ವೇಗ, ಎತ್ತರ, ಏರು ಎಷ್ಟು ಕಡಿದೆಂಬುದು ಎಲ್ಲವನ್ನೂ ಅಂಕಿಯಲ್ಲಿ ತೋರಿಸುತ್ತದೆ. ಡಾಕ್ಟರಿಗೂ ಆ ಯಂತ್ರಕ್ಕೂ ಎಣ್ಣೆ ಸೀಗೆಕಾಯಿ.

"ಸಮಾನಾ ಇದು? ನೋಡಿಲ್ಲಿ, ನೂರಕ್ಕೆ ಹದಿನಾಲ್ಕು ತೋರಿಸ್ತಿದೆ!" ಎಂದು ಇವಾನೊ ಒಮ್ಮೆ ಉಸಿರಿನ ನಡುವೆ ಕಿರುಚಿದ.

"ಅದಕ್ಕೇನು ಗೊತ್ತಯ್ಯಾ, ಅದಕ್ಕೆ ಕಾಲಿದೆಯಾ?"

"ಕಾಲಿಲ್ಲ, ಮಾನ ಇದೆ. ನಿನ್ನ ಹಂಗೆ ಸುಳ್ಳು ಹೇಳಲ್ಲ."

"ಹಂಗಾದ್ರೆ ಹಿಂದಿನಿಂದ ತಳ್ಳು ಅಂತ ಅದಕ್ಕೇ ಹೇಳು," ಎಂದು ಡಾಕ್ಟರು ಮುಂದೆ ಹೋದರು.

ಇಲ್ಲಿ ಏಕವಚನ ಬಹುವಚನದ ವಿಷಯ ಒಂದು ಮಾತು. ನೆಲದ ಮೇಲೆ ಅವರು ಎಲ್ಲರಿಗೂ ಡಾಕ್ಟರು, ನೀವು, ತಾವು. ಸೈಕಲ್ ಹತ್ತಿ ಪೆಡಲಿಗೆ ಕಾಲು ಸಿಕ್ಕಿಸಿದೊಡನೆ ಆ ಮರ್ಯಾದೆಯೆಲ್ಲ ಉದುರಿ ಅವರು ಬರೀ ಜಿಲ್ಡೊ ಆಗುತ್ತಾರೆ. ನ್ಯಾಯಾಧೀಶನಾದರೂ ಸರಿ, ನಲ್ಲಿ ರಿಪೇರಿಯವನಾದರೂ ಸರಿ, ಸೀಟಿನ ಮೇಲೆ ಕೂತವರೆಲ್ಲ ನೀನು. ಡಾಕ್ಟರಿಗೆ ಈ ಏಕವಚನ ಎಷ್ಟು ಇಷ್ಟವೆಂದರೆ, ಭಾನುವಾರ ಮನೆಗೆ ಮರಳಿದ ಮೇಲೂ ಸೈಕಲ್ಲಿನಿಂದ ಇಳಿಯಲು ಮನಸ್ಸಿಲ್ಲದೆ ಬೀದಿಯಲ್ಲಿ ಒಂದೆರಡು ಸುತ್ತು ಹೆಚ್ಚಿಗೆ ಹಾಕುತ್ತಾರೆ. ತಾವು ಮಾತ್ರ ಅರವತ್ತು ದಾಟಿದವರನ್ನೂ "ಹುಡುಗರಾ" ಎಂದೇ ಕರೆಯುತ್ತಾರೆ.

ಇಳಿದು ನಿಂತರೆ ಅವರನ್ನು ಯಾರೂ ಎರಡನೆಯ ಸಲ ತಿರುಗಿ ನೋಡರು. ಸಣಕಲು ಮೈ, ಮುಖಕ್ಕಿಂತ ಮುಂಚೆ ಬರುವ ಮೂಗು, ಪಾದಗಳೆರಡೂ ಹೊರಕ್ಕೆ ತಿರುಗಿದ ಬಾತುಕೋಳಿಯ ನಡಿಗೆ. ಮೇಲೆ ಒಂದು ಉಣ್ಣೆಯ ಅಂಗಿ, ಒಂದಾನೊಂದು ಕಾಲದಲ್ಲಿ ಇಟ್ಟಿಗೆಗೆಂಪಾಗಿದ್ದು ಈಗ ತೊಳೆದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದು, ಎದೆಯ ಮೇಲೆ ಎಂದೋ ಬಾಗಿಲು ಮುಚ್ಚಿದ ಸೋಫಾ ಕಾರ್ಖಾನೆಯೊಂದರ ಹೆಸರಿನ ಅರ್ಧ ಅಕ್ಷರಗಳನ್ನು ಹೊತ್ತದ್ದು. ಈಗಿನ ಮೈಗಂಟುವ ನುಣುಪು ಅಂಗಿಗಳನ್ನು ಕಂಡರೆ ಅವರಿಗೆ ಸಲಾಮಿ ಸಾಸೇಜಿನ ಸಿಪ್ಪೆಯ ನೆನಪಾಗುತ್ತದಂತೆ. ನಮ್ಮ ಹಿಂಜೇಬಿನಲ್ಲಿ ಅಂಗಡಿಯಿಂದ ತಂದ ಅಂಟು ಸಿಹಿಯ ಪೊಟ್ಟಣಗಳಿದ್ದರೆ ಅವರ ಜೇಬಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಹುರಿದ ಪೊಲೆಂತದ ತುಂಡು. ತಮಾಷೆಯೆಂದರೆ, ಏರಿನಲ್ಲಿ ಹೀಗೆ ಸಿಂಹದಂತಿರುವವರು ಇಳಿಜಾರಿನಲ್ಲಿ ಶುದ್ಧ ಪುಕ್ಕಲು. ಮೇಲೆ ಮುಟ್ಟಿದ ಕೂಡಲೆ ಚಳಿಗಾಳಿ ತಾಗದಂತೆ ಹಳೆಯ ಪತ್ರಿಕೆಯೊಂದನ್ನು ಮಡಚಿ ಅಂಗಿಯೊಳಗೆ ಎದೆಗೆ ತುರುಕಿಕೊಂಡು, ಬಾಯಿಗೆ ಬೀಗ ಜಡಿದು, ಎರಡೂ ಬ್ರೇಕು ಹಿಡಿದು, ಮದುವಣಗಿತ್ತಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾರೆ. ಕೆಳಗಿನ ಕಾಫಿ ಅಂಗಡಿಯಲ್ಲಿ ನಾವು ಅವರಿಗಾಗಿ ಕಾಯುವುದು ರೂಢಿಯಾಗಿಬಿಟ್ಟಿದೆ.

ಒಮ್ಮೆ ಈಸ್ಟರ್ ಮರುದಿನದ ಸವಾರಿಗೆ ಊರಿಗೆ ಹೊಸದಾಗಿ ಬಂದಿದ್ದ ಪಾದ್ರಿ ದೊನ್ ಫಿಯೊರೆಂಜೊ ಅವರೂ ಬಂದರು. ತರುಣರು, ಬಯಲುಸೀಮೆಯವರು, ಬೆಟ್ಟದ ದಾರಿ ಅವರಿಗೆ ಹೊಸದು. ನಾವು ಆ ದಿನ ಹತ್ತಿದ್ದು ಕಾವ್ರ. ನಮ್ಮ ಆಡುನುಡಿಯಲ್ಲಿ ಕಾವ್ರ ಎಂದರೆ ಮೇಕೆ; ಮೇಕೆಗಳಿಗೆ ಮಾತ್ರ ತಕ್ಕದ್ದೆಂದು ಹಿರಿಯರು ಆ ಏರಿಗೆ ಸರಿಯಾಗಿಯೇ ಹೆಸರಿಟ್ಟಿದ್ದಾರೆ. ಡಾಕ್ಟರು ಪ್ರತಿ ತಿರುವಿನಲ್ಲೂ ಪಾದ್ರಿಗಳ ಕಿವಿಯಲ್ಲಿ ಸಮ, ಸಮ ಎನ್ನುತ್ತ ಬಂದರು. ಆ ಪುಣ್ಯಾತ್ಮರು ಪ್ರತಿ ಸಲವೂ ಕಣ್ಣರಳಿಸಿ ನಂಬಿದರು. ಕೊನೆಗೊಂದು ತಿರುವಿನಾಚೆ ದಾರಿ ಇನ್ನೂ ಮೇಲಕ್ಕೆ ಹೋಗುವುದನ್ನು ಕಂಡು ಪಾದ್ರಿಗಳ ಬಾಯಿಂದ, ಯಾವ ಪ್ರಾರ್ಥನಾಪುಸ್ತಕದಲ್ಲೂ ಇಲ್ಲದ ಒಂದು ಮಾತು ಹೊರಬಿತ್ತು. ಮೇಲೆ ಮುಟ್ಟಿ, ಬೀನ್ಸಿನ ಸಾರು ಕುಡಿದು ಜೀವ ಬಂದ ಮೇಲೆ ಅವರು ಕೇಳಿದರು: "ಡಾಕ್ಟರೇ, ನೀವು ಇವತ್ತು ಎಷ್ಟು ಸಾರಿ ಸುಳ್ಳು ಹೇಳಿದ್ರಿ?" ಡಾಕ್ಟರು ವಿನಯದಿಂದ, "ಸ್ವಾಮಿ, ನಿಮ್ಮನ್ನ ಸ್ವರ್ಗಕ್ಕೆ ಇನ್ನಷ್ಟು ಹತ್ತಿರ ತಂದೆ," ಎಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಗೆ ಪಾಪ ಅಂಟುವುದಿಲ್ಲವಾದರೆ, ಒಬ್ಬ ಪಾದ್ರಿಯನ್ನು ಬೆಟ್ಟ ಹತ್ತಿಸಿದ್ದಕ್ಕೂ ಅಂಟಲಾರದು.

ಈ ಸುಳ್ಳಿನ ಅತ್ಯಂತ ನಿಷ್ಠಾವಂತ ಗಿರಾಕಿ ಸಿಲ್ವಾನೊ ಕುಸಿನಾತೊ. ಜಲ್ಲಿ ಸಾಗಿಸುವ ಲಾರಿಯ ಚಾಲಕ, ಎತ್ತಿನಂಥ ಆಳು, ಡಾಕ್ಟರಿಗಿಂತ ಹತ್ತು ವರ್ಷ ಚಿಕ್ಕವನು, ಸೈಕಲ್ಲಿನ ಮೇಲೆ ಕೂತರೆ ಸೈಕಲ್ಲೇ ಕಾಣಿಸುತ್ತಿರಲಿಲ್ಲ. ಅವನಿಗೂ ಡಾಕ್ಟರಿಗೂ ಅದೆಂಥ ಋಣಾನುಬಂಧವೋ, ಏರು ಶುರುವಾದರೆ ಇಬ್ಬರೂ ಜೋಡೆತ್ತಿನ ಹಾಗೆ ಪಕ್ಕಪಕ್ಕ. "ಜಿಲ್ಡೊ, ಮುಂದೆ ಹೇಗಿದೆ?" ಎಂದು ಇವನು ಕೇಳುವುದು, "ಇದೊಂದು ತಿರುವು, ಆಮೇಲೆ ಸಮ," ಎಂದು ಅವರು ಹೇಳುವುದು, ಚರ್ಚಿನಲ್ಲಿ ಪಾದ್ರಿ ಒಂದು ಸಾಲು ಹೇಳಿ ಜನ ಇನ್ನೊಂದು ಸಾಲು ಹೇಳಿದ ಹಾಗೆ ಅದು ಪ್ರತಿ ಭಾನುವಾರ ನಡೆಯುತ್ತಿತ್ತು.

ಚೆರ್ರಿ ಹಣ್ಣಿನ ಕಾಲದ ಒಂದು ಭಾನುವಾರ, ಕಾವ್ರದ ಅರ್ಧ ಹತ್ತಿದ ಮೇಲೆ ಸಿಲ್ವಾನೊ ಎಂದಿನಂತೆ ಕೇಳಿದ, ಡಾಕ್ಟರು ಎಂದಿನಂತೆ ಹೇಳಿದರು, ಸಿಲ್ವಾನೊ ನಕ್ಕು ಸೀಟಿನಿಂದ ಮೇಲೆದ್ದು ನಿಂತು ತುಳಿದ. ಆ ತಿರುವು ದಾಟಿದ ಕೂಡಲೆ ಅವನು ಸೈಕಲ್ ಸಮೇತ ರಸ್ತೆಯ ಅಂಚಿಗೆ ಕುಸಿದ. ಅವನ ತುಟಿ ನೀಲಿಗಟ್ಟಿತ್ತು. ಹೆಲಿಕಾಪ್ಟರ್ ಬಂದು ದ್ರಾಕ್ಷಿತೋಟದ ಮೇಲಿನ ಹುಲ್ಲುಗಾವಲಿನಲ್ಲಿ ಇಳಿಯುವವರೆಗೆ ಡಾಕ್ಟರು ಮೊಣಕಾಲೂರಿ ಅವನ ಎದೆ ಒತ್ತುತ್ತಲೇ ಇದ್ದರು. ನಾವು ಕೈ ಬದಲಿಸುತ್ತೇವೆಂದರೂ ಬಿಡಲಿಲ್ಲ, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಆ ಮನುಷ್ಯ ಏರಿನ ಮೇಲೆ ಸುಮ್ಮನಿದ್ದುದನ್ನು ನಾವು ನೋಡಿದ್ದು ಅದೇ ಮೊದಲು.

ಸಿಲ್ವಾನೊ ಬದುಕಿದ. ಮೂರನೆಯ ದಿನ ಡಾಕ್ಟರು ಆಸ್ಪತ್ರೆಗೆ ಹೋದಾಗ ಅವರ ಜೊತೆ ನಾನೂ ಇದ್ದೆ. ಮೊಗಸಾಲೆಯ ಬೆಂಚಿನ ಮೇಲೆ ಸಿಲ್ವಾನೊನ ಹೆಂಡತಿ ಓರ್ನೆಲ್ಲ ಕೂತಿದ್ದಳು. ನಮ್ಮೂರ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂರುವ ಹೆಂಗಸು, ಯಾರಿಗೂ ಅಂಜದವಳು, ಕಡ್ಡಿ ಮುರಿದ ಹಾಗೆ ಮಾತಾಡುವವಳು. ನಮ್ಮನ್ನು ಕಂಡು ಎದ್ದು ನಿಂತಳು.

"ಡಾಕ್ಟರೇ, ಎಚ್ಚರ ಬಂದಾಗಿನಿಂದ ಸಿಲ್ವಾನೊ ಒಂದೇ ಮಾತು ಬಡಬಡಿಸ್ತಿದಾನೆ. ಆಮೇಲೆ ಸಮ, ಆಮೇಲೆ ಸಮ. ಇದು ನಿಮ್ಮ ಮಾತಲ್ವಾ?"

"ಹೌದು ಓರ್ನೆಲ್ಲ."

"ಅಲ್ಲಿ ಸಮ ಇತ್ತಾ?"

ಡಾಕ್ಟರು ತಲೆ ತಗ್ಗಿಸಿದರು. "ಇಲ್ಲ."

"ಎದೆ ಒತ್ತಿ ಉಳಿಸಿದ್ದು ನೀವೇ. ಗೊತ್ತು ನಂಗೆ, ಸಾಯೋವರೆಗೂ ಮರೆಯಲ್ಲ. ಆದ್ರೆ ಬೀಳಿಸಿದ್ದೂ ನೀವೇ."

ಅಷ್ಟು ಹೇಳಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಡಾಕ್ಟರು ತಂದಿದ್ದ ಚೆರ್ರಿ ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಟರು. ದಾರಿಯುದ್ದಕ್ಕೂ ನಾನು ಏನೇನೋ ಸಮಾಧಾನ ಹೇಳಿದೆ, ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅಂದಿನಿಂದ ಅವರು ಸತ್ಯವ್ರತ ಹಿಡಿದರು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ ಎನ್ನುವುದನ್ನು ನಾನೂ ಕೇಳಿದ್ದೇನೆ. ಆದರೆ ಆ ಒಂದು ವರ್ಷ ಡಾಕ್ಟರ ಸತ್ಯದಿಂದ ನಮ್ಮೂರಲ್ಲಿ ಯಾರಿಗೂ ಸುಖವಾಗಲಿಲ್ಲ. ಚಿಕಿತ್ಸಾಲಯದ ಕುರ್ಚಿಯಲ್ಲಿ ಕೂತ ಹೆಂಗಸೊಬ್ಬಳು ವಾಡಿಕೆಯಂತೆ "ನೋವಾಗುತ್ತಾ ಡಾಕ್ಟರೇ?" ಎಂದು ಕೇಳಿದ್ದಕ್ಕೆ, "ಆಗುತ್ತೆ. ಇವತ್ತೂ ಆಗುತ್ತೆ, ನಾಳೆ ಇನ್ನೂ ಜಾಸ್ತಿ ಆಗುತ್ತೆ, ಮುಖ ಊದಿಕೊಳ್ಳುತ್ತೆ," ಎಂದರಂತೆ. ಅವಳು ಕೊರಳಿಗೆ ಕಟ್ಟಿದ ಕಾಗದದ ಬಟ್ಟೆಯ ಸಮೇತ ಎದ್ದು ಓಡಿದವಳು ಚೌಕದಲ್ಲಿ ಎಲ್ಲರಿಗೂ ಕಾಣಿಸಿಕೊಂಡಳು. ಜನ ಪಕ್ಕದ ಊರಿನ ದಂತವೈದ್ಯರನ್ನು ಹುಡುಕಿಕೊಂಡು ಹೋಗತೊಡಗಿದರು.

ಏರಿನಲ್ಲಂತೂ ಅನರ್ಥವೇ ಆಯಿತು. ಮುಂದೆ ಹೇಗಿದೆಯೆಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ ಡಾಕ್ಟರು ನೇರವಾಗಿ, "ಇದಕ್ಕಿಂತ ಕಡಿದು. ಅದರ ಮುಂದಿನದು ಅದಕ್ಕಿಂತ ಕಡಿದು," ಎನ್ನುವರು. ಕೇಳಿದವನ ಕಾಲು ಅಲ್ಲೇ ಕಲ್ಲಾಗುವುದು. ಒಬ್ಬೊಬ್ಬರಾಗಿ ಅರ್ಧದಿಂದ ಸೈಕಲ್ ತಿರುಗಿಸಿಕೊಂಡು ಕೆಳಗಿಳಿಯುವುದು ಶುರುವಾಯಿತು. ಕೆಲವರು ಏರಿನ ಸಹವಾಸವೇ ಬೇಡವೆಂದು ಬ್ರೆಂತ ನದಿಯ ದಂಡೆಯ ಸಪಾಟು ರಸ್ತೆಯಲ್ಲಿ ಹೋಗಿ ದ್ರಾಕ್ಷಾರಸ ಕುಡಿದು ಬರತೊಡಗಿದರು. ಕೊನೆಗೆ ಸರ್ವೆಯರ್ ಇವಾನೊನೇ ಒಂದು ದಿನ ಹಲ್ಲು ಗಿಂಜಿದ:

"ಜಿಲ್ಡೊ, ಒಂದೇ ಒಂದು ಸಾರಿ ಸುಳ್ಳು ಹೇಳೋ. ನಿನ್ನ ದಮ್ಮಯ್ಯ."

"ನಿನ್ನ ಯಂತ್ರ ಇದೆಯಲ್ಲ, ಅದನ್ನ ಕೇಳು."

"ಅದು ನಿಜ ಹೇಳುತ್ತೆ ಕಣೋ! ಅದೇ ತಾನೆ ಕರ್ಮ!"

ಡಾಕ್ಟರು ನಗಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವುದೊಂದು ಬಿಟ್ಟರೆ ಅವರು ಮಾತನ್ನೇ ಬಿಟ್ಟಿದ್ದರು. ಚೆರ್ರಿ ಇಲ್ಲ, ಪೊಲೆಂತ ಇಲ್ಲ, ಮೇಯರರ ಹಲ್ಲಿಲ್ಲ. ಎಲ್ಲರಿಗಿಂತ ಮುಂದೆ, ಒಬ್ಬರೇ, ಬೆನ್ನು ಬಾಗಿಸಿ, ಚೈನಿನ ಸಪ್ಪಳ ಮಾತ್ರ ಕೇಳಿಸುವಂತೆ ಹತ್ತಿ ಹೋಗುತ್ತಿದ್ದರು. ಆ ಬೆನ್ನನ್ನು ನೋಡುತ್ತ ನಾನು ಹಿಂದೆ ಹತ್ತುತ್ತಿದ್ದೆ. ನಲವತ್ತು ವರ್ಷದಿಂದ ನಾನು ಅದೇ ಬೆಟ್ಟ ಹತ್ತಿದವನು, ಅದು ಅಷ್ಟು ಎತ್ತರವೆಂದು ನನಗೆ ತಿಳಿದದ್ದು ಆ ವರ್ಷ.

ಮರುವರ್ಷ ವಸಂತದಲ್ಲಿ ಸಿಲ್ವಾನೊ ಸೈಕಲ್ ಹತ್ತಿದ. ಹೃದಯದ ವೈದ್ಯರು ಒಪ್ಪಿದ್ದರು, ಓರ್ನೆಲ್ಲ ಒಪ್ಪಿರಲಿಲ್ಲ. ಕೊನೆಗೆ ಅವಳು ಒಂದು ಷರತ್ತಿನ ಮೇಲೆ ಬಿಟ್ಟಳು. ಅವನ ಕೈಗೆ ಒಂದು ಗಡಿಯಾರ ಕಟ್ಟಿದಳು, ಎದೆಬಡಿತ ಮಿತಿ ಮೀರಿದರೆ ಅದು ಕೂಗುತ್ತದೆ, ಕೂಗಿದ ಗಳಿಗೆಯೇ ಇಳಿಯಬೇಕು. ತಾನು ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ಕಾರಿನಲ್ಲಿ ಹಿಂದೆ ಬರುವುದಾಗಿಯೂ ಹೇಳಿದಳು. ಅವನು ಅಷ್ಟಕ್ಕೂ ತಲೆಯಾಡಿಸಿ, ಸೀದಾ ಕಾವ್ರದ ಬುಡಕ್ಕೆ ಬಂದು ನಿಂತ. ಅವತ್ತು, ನದಿದಂಡೆಗೆ ವಲಸೆ ಹೋಗಿದ್ದವರೂ ಸೇರಿ, ಗುಂಪು ಪೂರ್ತಿ ನೆರೆದಿತ್ತು. ಡಾಕ್ಟರು ಹಿಂದೆ ನಿಂತಿದ್ದರು.

ಮೊದಲ ಕೆಲವು ತಿರುವು ಚೆನ್ನಾಗಿಯೇ ಹೋಯಿತು. ಆಮೇಲೆ ಸಿಲ್ವಾನೊ ಕತ್ತು ತಿರುಗಿಸದೆ ಕೇಳಿದ: "ಜಿಲ್ಡೊ, ಮುಂದೆ ಹೇಗಿದೆ?"

ನಾವೆಲ್ಲ ಉಸಿರು ಹಿಡಿದೆವು. ಇದ್ದುದೇ ಸ್ವಲ್ಪ ಉಸಿರು.

"ಕಡಿದು," ಎಂದರು ಡಾಕ್ಟರು.

"ಆಮೇಲೆ?"

"ಆಮೇಲೂ ಕಡಿದು."

ಸಿಲ್ವಾನೊನ ಮುಖ ಸಣ್ಣದಾಯಿತು. ತುಳಿಯುತ್ತ ಹೋದ. ಇನ್ನೊಂದು ತಿರುವು ಕಳೆಯಿತು, ಅವನ ಕತ್ತಿನ ನರ ಉಬ್ಬಿತು, ಕೈಯ ಗಡಿಯಾರ ಕೂಗಿತು. ಅವನು ಅಂಗಿಯ ತೋಳನ್ನು ಅದರ ಮೇಲಕ್ಕೆ ಎಳೆದುಕೊಂಡು ತುಳಿಯುತ್ತಲೇ ಇದ್ದ. ಅದು ತೋಳಿನ ಕೆಳಗಿನಿಂದಲೂ ಕೂಗುತ್ತಿತ್ತು.

ಅವನು ಯಾಕೆ ಇಳಿಯಲಿಲ್ಲವೆಂದು ಹೊರಗಿನವರು ಕೇಳಿಯಾರು. ನಮ್ಮ ಜನರಲ್ಲಿ ಏರಿನ ನಡುವೆ ಕಾಲು ನೆಲಕ್ಕಿಡುವುದೆಂದರೆ ಸಾಲ ಮಾಡಿ ಊರು ಬಿಟ್ಟು ಓಡಿದಷ್ಟು ಅವಮಾನ. ಕಾಲಿಡಲೊಲ್ಲದೆ, ಸೈಕಲ್ ನಿಂತೇ ಹೋಗಿ, ನಿಂತಲ್ಲಿಯೇ ಬಾಳೆಗೊನೆಯ ಹಾಗೆ ಚರಂಡಿಗೆ ಉರುಳಿದವರನ್ನು ನಾನು ಕಂಡಿದ್ದೇನೆ. ಚರಂಡಿಗೆ ಬಿದ್ದವನನ್ನು ಎತ್ತಿ ಗೌರವದಿಂದ ನೀರು ಕೊಡುತ್ತಾರೆ. ಕಾಲಿಟ್ಟವನ ಹೆಸರು ಕಾಫಿ ಅಂಗಡಿಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುವುದಕ್ಕೆ ಆಗುತ್ತದೆ. ಒಂದು ವರ್ಷ ಹಾಸಿಗೆ ಹಿಡಿದು ಎದ್ದು ಬಂದ ಸಿಲ್ವಾನೊ, ಇಡೀ ಗುಂಪಿನ ಎದುರು, ಮೊದಲ ದಿನವೇ ಇಳಿಯುವ ಪೈಕಿ ಅಲ್ಲ. ಇಳಿ ಎಂದು ಹೇಳಿದರೆ ಇನ್ನೂ ಜೋರಾಗಿ ತುಳಿಯುವ ಜಾತಿ ಅವನದು.

ಡಾಕ್ಟರು ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲರು. ಅವರು ಸಿಲ್ವಾನೊನ ಪಕ್ಕಕ್ಕೆ ಬಂದರು, ಅವನ ತೋಳು ನೋಡಿದರು, ಮುಖ ನೋಡಿದರು. ನಾನು ಅವರ ಹಿಂದೆಯೇ ಇದ್ದೆ. ಆಗ ಡಾಕ್ಟರು ಇದ್ದಕ್ಕಿದ್ದಂತೆ, "ಅಯ್ಯಯ್ಯೋ! ಹಿಡ್ಕೊಂತು! ಮೀನಖಂಡ ಹಿಡ್ಕೊಂತು!" ಎಂದು ಊರು ಕೇಳುವಂತೆ ಕೂಗಿ, ಪೆಡಲಿನಿಂದ ಕಾಲು ಬಿಡಿಸಿ, ಕಾವ್ರದ ನಟ್ಟನಡುವೆ, ಎಲ್ಲರ ಎದುರು, ಎರಡೂ ಕಾಲು ನೆಲಕ್ಕಿಟ್ಟು ನಿಂತರು. ಕಾಲು ಹಿಡಿದುಕೊಂಡು ಮುಖ ಕಿವುಚಿದರು. ಅಷ್ಟು ಕೆಟ್ಟ ಅಭಿನಯವನ್ನು ನಮ್ಮ ಚರ್ಚಿನ ಕ್ರಿಸ್‌ಮಸ್ ನಾಟಕದ ದನದ ಪಾತ್ರಧಾರಿಯೂ ಮಾಡಿದ್ದಿಲ್ಲ.

ಸಿಲ್ವಾನೊ ತಿರುಗಿ ನೋಡಿದ. "ಇಳಿದುಬಿಟ್ಯಾ? ನೀನಾ? ಕಾವ್ರದಲ್ಲಾ?"

"ಏನು ಮಾಡ್ಲೋ, ವಯಸ್ಸಾಯ್ತು. ನೀನು ಹೋಗು, ನಾನು ನಡ್ಕೊಂಡು ಬರ್ತೀನಿ."

"ಒಬ್ಬನೇನಾ?"

"ಇನ್ಯಾರು ಬರ್ತಾರೆ."

ಸಿಲ್ವಾನೊ ಇನ್ನೊಂದೆರಡು ಸುತ್ತು ತುಳಿದ. ಆಮೇಲೆ ಸೈಕಲ್ ನಿಲ್ಲಿಸಿದ, ಇಳಿದ. "ನಿನ್ನಂಥ ಮುದುಕನ್ನ ಬೀದೀಲಿ ಬಿಟ್ಟು ಹೋದ್ರೆ ಊರಲ್ಲಿ ಮುಖ ತೋರಿಸೋ ಹಂಗಿಲ್ಲ, ನಡಿ," ಎಂದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಹೊತ್ತಿಗೆ ಗಡಿಯಾರ ಸುಮ್ಮನಾಯಿತು, ಮುಖಕ್ಕೆ ರಕ್ತ ಬಂತು.

ಇವಾನೊ ತನ್ನ ಯಂತ್ರವನ್ನೊಮ್ಮೆ ನೋಡಿದ, ಏನೋ ಗೊಣಗಿದ, ತಾನೂ ಇಳಿದ. ಅವನ ಹಿಂದೆ ನಾನು, ನನ್ನ ಹಿಂದೆ ಉಳಿದವರು. ಪೆಡಲಿಗೆ ಸಿಕ್ಕಿಸುವ ಆ ಬೂಟುಗಳು ನಡೆಯುವುದಕ್ಕೆ ಮಾಡಿದವಲ್ಲ; ಇಡೀ ಗುಂಪು ಲಾಳ ಹೊಡೆದ ಕತ್ತೆಗಳ ಹಾಗೆ ಟಕಟಕ ಎಂದು ಸೈಕಲ್ ತಳ್ಳಿಕೊಂಡು ಏರತೊಡಗಿತು. ಮೇಲಿಂದ ಇಳಿದು ಬಂದ ಬೇರೆ ಊರಿನ ಸವಾರರು ನಮ್ಮನ್ನು ನೋಡಿ ಯಾರೋ ಸತ್ತರೆಂದುಕೊಂಡು ಟೋಪಿ ತೆಗೆದರು.

ಜೊತೆಗೆ ನಡೆಯುತ್ತಿದ್ದಾಗ ಸಿಲ್ವಾನೊ ಮೆಲ್ಲಗೆ ಹೇಳಿದ: "ಹೋದ ವರ್ಷ ಬಿದ್ದೆನಲ್ಲ, ಅದಕ್ಕೆ ಮುಂಚೆ ಒಂದು ವಾರದಿಂದ ನನಗೆ ಎಡಗೈ ಜೋಮು ಹಿಡೀತಿತ್ತು. ಯಾರಿಗೂ ಹೇಳಿರ್ಲಿಲ್ಲ."

"ನನಗೆ ಹೇಳಬಹುದಿತ್ತು."

"ನೀನು ಹಲ್ಲಿನ ಡಾಕ್ಟರು."

"ಆದರೂ."

"ಹೇಳಿದ್ರೆ ಬರಬೇಡ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ. ಓರ್ನೆಲ್ಲಗೂ ನಿನ್ನೆ ರಾತ್ರಿ ತಾನೇ ಹೇಳಿದ್ದು. ಉಗಿದಳು, ಚೆನ್ನಾಗಿ ಉಗಿದಳು." ಸೈಕಲ್ಲನ್ನು ಇನ್ನಷ್ಟು ದೂರ ತಳ್ಳಿ ಮತ್ತೆ ಹೇಳಿದ: "ಈ ರಸ್ತೇಲಿ ನಾನು ಇಡೀ ಆಯುಸ್ಸು ಜಲ್ಲಿ ಹೊಡೆದಿದೀನಿ ಜಿಲ್ಡೊ. ಎಲ್ಲಿ ಕಡಿದು, ಎಲ್ಲಿ ಸಮ ಅಂತ ನಿನ್ನ ಕೇಳಿ ತಿಳ್ಕೋಬೇಕಾ?"

"ಮತ್ತೆ ಪ್ರತಿ ಸಾರಿ ಯಾಕೆ ಕೇಳ್ತಿದ್ದೆ?"

"ನೀನು ಹೇಳ್ತಿದ್ದೆಯಲ್ಲ, ಅದಕ್ಕೆ."

ಡಾಕ್ಟರು ಮುಖವನ್ನು ದ್ರಾಕ್ಷಿತೋಟದ ಕಡೆ ತಿರುಗಿಸಿಕೊಂಡರು. ಅವರು ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ನನ್ನ ಕಣ್ಣುಗಳೂ ಒದ್ದೆಯಾದವು, ಬೆವರೆಂದು ಒರೆಸಿಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಓರ್ನೆಲ್ಲಳ ಕಾರು ಬಂತು. ಇಡೀ ಗುಂಪು ಸೈಕಲ್ ತಳ್ಳಿಕೊಂಡು ನಡೆಯುತ್ತಿರುವುದನ್ನು ಕಂಡು ಅವಳ ಎದೆ ಧಸಕ್ಕೆಂದಿರಬೇಕು, ಕಾರು ಪಕ್ಕಕ್ಕೆ ತಂದು ಗಾಜು ಇಳಿಸಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಏನಾಯ್ತು? ಯಾರಿಗೆ ಏನಾಯ್ತು?"

"ಏನಿಲ್ಲ ಮಾರಾಯ್ತಿ," ಎಂದ ಸಿಲ್ವಾನೊ. "ಜಿಲ್ಡೊಗೆ ಕಾಲು ಹಿಡ್ಕೊಂಡಿದೆ."

"ಯಾವ ಕಾಲು?"

"ಎಡ," ಎಂದರು ಡಾಕ್ಟರು. "ಬಲ," ಎಂದ ಸಿಲ್ವಾನೊ. ಎರಡೂ ಒಂದೇ ಗಳಿಗೆಗೆ ಹೊರಬಿದ್ದವು.

ಓರ್ನೆಲ್ಲ ಡಾಕ್ಟರ ಎರಡೂ ಕಾಲು ನೋಡಿದಳು, ಗಂಡನ ಕೈಯ ಗಡಿಯಾರ ನೋಡಿದಳು, ನಮ್ಮನ್ನೆಲ್ಲ ಒಂದು ಸಾಲಾಗಿ ನೋಡಿದಳು. ಅವಳು ಕಾರನ್ನು ಮೊದಲನೆಯ ಗೇರಿಗೆ ಹಾಕಿ, ನಮ್ಮ ನಡಿಗೆಯ ವೇಗಕ್ಕೆ ಸರಿಯಾಗಿ, ಡಾಕ್ಟರ ಪಕ್ಕದಲ್ಲೇ ಬರತೊಡಗಿದಳು. ಒಂದು ತಿರುವು ಕಳೆದ ಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದಳು:

"ಡಾಕ್ಟರೇ, ನನ್ನ ದವಡೆ ಹಲ್ಲೊಂದು ಚಳಿಗಾಲದಿಂದ ಜೀವ ತಿಂತಿದೆ. ಕೀಳಿಸ್ಬೇಕು."

"ಪಕ್ಕದೂರಿನವರ ಹತ್ರ ಹೋಗ್ತಿದ್ದೆಯಂತೆ."

"ಹೋಗ್ತಿದ್ದೆ. ಇನ್ಮೇಲೆ ಹೋಗಲ್ಲ. ಮಂಗಳವಾರ ಬರ್ಲಾ?"

"ಬಾ."

"ನೋವಾಗುತ್ತಾ?"

ಡಾಕ್ಟರು ಸೈಕಲ್ ತಳ್ಳುವುದನ್ನು ನಿಲ್ಲಿಸಿದರು. ಕಾರೂ ನಿಂತಿತು. ಒಂದು ವರ್ಷ ಹಿಡಿದ ವ್ರತ ಅಷ್ಟು ಸುಲಭವಾಗಿ ಬಿಡುವುದಿಲ್ಲ.

"ಒಂದಿಷ್ಟೂ ಆಗಲ್ಲ ಓರ್ನೆಲ್ಲ," ಎಂದರು ಕೊನೆಗೆ.

"ಸುಳ್ಳ!" ಎಂದು ಅವಳು ಅಂದಳು. ನಗುತ್ತಿದ್ದಳು, ಕಣ್ಣು ತುಂಬಿತ್ತು. ಗಾಜು ಏರಿಸಿಕೊಂಡು ಮುಂದೆ ಹೋದಳು.

ನಾನು ಈ ತಪ್ಪಲಿನಲ್ಲಿ ಹುಟ್ಟಿ ಬೆಳೆದು ಮುದುಕನಾಗುತ್ತಿರುವವನು, ಸುಳ್ಳುಗಾರರನ್ನು ಬೇಕಾದಷ್ಟು ಕಂಡಿದ್ದೇನೆ. ತಮ್ಮ ಬೇಳೆ ಬೇಯಿಸಿಕೊಳ್ಳಲು ಹೇಳುವವರು ಲೋಕದ ತುಂಬ ಇದ್ದಾರೆ. ನೆರಳಲ್ಲಿ ಕೂತು, ಬಿಸಿಲಲ್ಲಿ ಹತ್ತುವವನಿಗೆ ಎಲ್ಲ ಸರಿಹೋಗುತ್ತದೆ ಬಿಡು ಎನ್ನುವವರೂ ಕಡಿಮೆಯೇನಿಲ್ಲ. ಅವರ ಮಾತು ಒಮ್ಮೊಮ್ಮೆ ನಿಜವೇ ಆಗಿರುತ್ತದೆ, ಆದರೂ ಅದು ಯಾರನ್ನೂ ಒಂದು ಗೇಣು ಮೇಲೆ ಹತ್ತಿಸಿದ್ದನ್ನು ನಾನು ಕಾಣೆ. ಡಾಕ್ಟರ್ ಜಿಲ್ಡೊರ ಕುಲವೇ ಬೇರೆ. ಈ ಕುಲದವರು ತಾವೂ ಅದೇ ಏರಿನಲ್ಲಿ, ಅದೇ ಬೆವರಿನಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರದಿಂದ ಸುಳ್ಳು ಹೇಳುತ್ತಾರೆ, ಮತ್ತು ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿರುತ್ತದೆ. ಪ್ರತಿ ಊರಿನಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರಿಗೆ ಯಾರೂ ಪ್ರತಿಮೆ ನಿಲ್ಲಿಸುವುದಿಲ್ಲ, ಸತ್ಯವಂತರ ಪಟ್ಟಿಯಲ್ಲಂತೂ ಅವರ ಹೆಸರು ಬರುವುದೇ ಇಲ್ಲ. ಹತ್ತಬೇಕಾದ ದಿನ ಅವರು ನಮ್ಮ ಜೊತೆ ಹತ್ತುತ್ತಾರೆ. ಇಳಿಯಬೇಕಾದ ದಿನ ನಮಗಿಂತ ಮೊದಲು ತಾವು ಕಾಲು ನೆಲಕ್ಕಿಡುತ್ತಾರೆ.